ಸೀರೆ ಅಂಗಡಿಯ ಬಿಳಿ ದೀಪಗಳು

ಏಪ್ರಿಲ್ 17, ಶುಕ್ರವಾರ. ಕಾಮಗೆರೆ.

ಇವತ್ತೂ ವಾಂತಿ. ಕೊಳ್ಳೇಗಾಲದ ಅಂಗಡಿಯಲ್ಲಿ ಯುಗಾದಿಗೆ ಹಾಕಿಸಿದ ಆ ಬಿಳಿ ದೀಪಗಳ ಕೆಳಗೆ ಸೀರೆ ಬಿಡಿಸಿ ತೋರಿಸುತ್ತಾ ನಿಂತರೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಚುಚ್ಚಿ ಹೊಟ್ಟೆ ತೊಳಸುತ್ತದೆ. ಶಾಗ್ಯದ ಹೆಂಗಸೊಬ್ಬರು ಧಾರೆ ಸೀರೆಯ ಬಣ್ಣವನ್ನು ಬಿಸಿಲಲ್ಲೇ ನೋಡಬೇಕೆಂದರು. ಸೀರೆ ಹಿಡಿದು ಅವರೊಂದಿಗೆ ಬಾಗಿಲಾಚೆ ಹೋದೆ. ತಲೆ ಹಗುರಾಯಿತು. ಒಳಗೆ ಬಂದೆ, ಮತ್ತೆ ಅದೇ. ಇನ್ನೇನು ಅನುಮಾನ?

ಮಾಲೀಕರಿಗೆ ಹೇಳಿಯೇಬಿಟ್ಟೆ.

"ದೀಪ ಆರ್ಸುದ್ರೆ ಜರಿ ಮಿಂಚ್ತದಾ? ಆಗ್ದಿದ್ರೆ ಮನೇಲಿರವ್ವ" ಎಂದರು.

ಜರಿ ಮಿಂಚಬೇಕಂತೆ, ನಾನು ಬಿದ್ದರೂ ಸರಿ!

ಮನೆಯಲ್ಲಿ ಅತ್ತೆಯದು ಬೇರೆಯೇ ಲೆಕ್ಕ. ಮದುವೆಯಾಗಿ ಇಷ್ಟು ವರ್ಷಕ್ಕೆ ಸೊಸೆಗೆ ವಾಂತಿ, ತಲೆಸುತ್ತು. ಅವರಿಗೆ ಅಷ್ಟು ಸಾಕು. ಸಂಜೆ ಕಾಲು ತೊಳೆದು ಬರುವಷ್ಟರಲ್ಲಿ ಉಪ್ಪು ಖಾರ ಸವರಿದ ಮಾವಿನಕಾಯಿ ತಟ್ಟೆ ಮುಂದಿಟ್ಟರು.

"ತಿನ್ನವ್ವ, ಬಾಯ್ಗೆ ರುಚಿಯಾಯ್ತದೆ. ನಿಮ್ಮವ್ವಂಗೂ ಫೋನ್ ಮಾಡ್ಬುಟ್ಟೆ ಕಣವ್ವ."

ಬಸ್ಸಿನಲ್ಲಿ ಬರುವಾಗಲೇ ನಾನು ಮುಟ್ಟಾಗಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದರು.

ತೆರೆದ ಬಾಯಿಗೆ ಒಂದು ಹೋಳು ಹಾಕಿಕೊಂಡೆ.