ಚಿಗರಿಯ ಪಾಲು

ಗಬ್ಬೂರು
ಗುರುವಾರ, 6 ಫೆಬ್ರವರಿ 2025

ಪ್ರೀತಿಯ ವಿಜ್ಜಿಗೆ,

'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೈ ತಾನಾಗಿಯೇ ಬರೆಯಿತು, ಬಿಟ್ಟೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ನಿನ್ನ ಗಂಡ ಗಡಿಗೆಪ್ಪಣ್ಣ ಫೋನ್ ಎತ್ತುವುದಿಲ್ಲ. ನಮ್ಮ ಎದುರು ಮನೆಗೆ ಬೀಗ ಜಡಿದು ಇಬ್ಬರೂ ಮಾನ್ವಿಯ ನಿನ್ನ ತವರಿನಲ್ಲಿ ಕೂತರೆ ನಾನು ಕಾಗದ ಬರೆಯದೆ ಇನ್ನೇನು ಮಾಡಲಿ? ಶಾಲೆಯಲ್ಲಿ ನಿನ್ನ ಪಕ್ಕ ಕೂತು, ನಿನ್ನ ಪಾಟಿ ನೋಡಿ ಕನ್ನಡ ತಿದ್ದಿದವಳು ನಾನು. ಅದೇ ಅಕ್ಷರದಲ್ಲಿ ನಿನ್ನನ್ನು ಬೈಯುವ ಕಾಲ ಬಂತು ನೋಡು.

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತೀಯ. ರಾಯಚೂರು ಜೈಲಿನಲ್ಲಿರುವುದು ನನ್ನ ತಮ್ಮ ಅರ್ಬಾಜ್, ನೀನಲ್ಲ.

ನಿನ್ನೆ ವಕೀಲರು ನೀನು ಅರಣ್ಯದವರಿಗೆ ಕೊಟ್ಟ ಹೇಳಿಕೆಯನ್ನು ಓದಿ ಹೇಳಿದರು. ಗಾಡಿ ನಿಲ್ಲಿಸು ಎಂದು ಹಟ ಹಿಡಿದವನು ಅರ್ಬಾಜ್ ಅಂತೆ. ರಸ್ತೆ ಪಕ್ಕದಲ್ಲಿ ಮೇಯುತ್ತಿದ್ದ ಚಿಗರಿಯನ್ನು, ಅವರ ಕಾಗದದಲ್ಲಿ ಕೃಷ್ಣಮೃಗವನ್ನು, ಹಿಡಿದು ಕುತ್ತಿಗೆ ಕೊಯ್ದನಂತೆ. ಲಾರಿ ಗೀರಿ ಏನೂ ಇರಲಿಲ್ಲವಂತೆ. ನೀವಿಬ್ಬರೂ ಹೆದರಿ ಗಾಡಿಯೊಳಗೇ ಕೂತಿದ್ದಿರಂತೆ. ಓಡುವ ಚಿಗರಿಯನ್ನು ಕೈಯಲ್ಲಿ ಹಿಡಿಯುವಂಥವನು ನಮ್ಮ ಅರ್ಬಾಜ್ ಆಗಿದ್ದರೆ, ನಿನ್ನ ಗಂಡನ ಗಾಡಿಯಲ್ಲಿ ಹತ್ತಿಯ ಅಂಡಿಗೆ ಹೊರಲು ಅವನನ್ನು ಯಾಕೆ ಕಳಿಸುತ್ತಿದ್ದೆ, ವಿಜ್ಜಿ? ಕೊನೆಯಲ್ಲಿ ನಿನ್ನ ಹೆಸರು ಬಂದಾಗ ನಾನು, 'ಇದು ಬ್ಯಾರೆ ಯಾರೋ ವಿಜಯಲಕ್ಷ್ಮಿ ಇರಬೇಕ್ರಿ, ಸರಿಯಾಗಿ ನೋಡ್ರಿ' ಎಂದೆ. ವಕೀಲರು ಹಾಳೆಯನ್ನೇ ತಿರುಗಿಸಿ ತೋರಿಸಿದರು. ಜ ಅಕ್ಷರಕ್ಕೆ ಬಾಲ ಎಳೆಯುವ ನಿನ್ನ ಸಹಿ ನನಗೆ ಗೊತ್ತಿಲ್ಲವೇ?

ಆ ಬೆಳಿಗ್ಗೆ ನಾನು ಅಲ್ಲಿರಲಿಲ್ಲ. ನನಗೆ ಗೊತ್ತಿರುವುದೆಲ್ಲ ನೀನೇ ಹೇಳಿದ್ದು. ರಾಯಚೂರಿನ ಮಿಲ್ಲಿನಲ್ಲಿ ಹತ್ತಿ ಇಳಿಸಿ ಮೂವರೂ ಬರುತ್ತಿದ್ದಿರಿ. ನಿಮ್ಮ ಮುಂದಿನ ಲಾರಿ ಚಿಗರಿಗೆ ಬಡಿದು ಹಿಂತಿರುಗಿ ನೋಡದೆ ಹೋಯಿತು. ಸೊಂಟ ಮುರಿದುಕೊಂಡ ಪ್ರಾಣಿ ರಸ್ತೆಯ ಮೇಲೆ ಒದ್ದಾಡುತ್ತಿತ್ತು. ಗಡಿಗೆಪ್ಪಣ್ಣ ಗಾಡಿ ನಿಲ್ಲಿಸಿದ. ಹೊಡೆದು ಮುಗಿಸೋಣವೆಂದು ಜಾಕ್ ರಾಡು ಎತ್ತಿಕೊಂಡ. ಆಗ ನೀನು ನನ್ನ ಹೆಸರು ಹಿಡಿದು ಕಿಟಕಿಯಿಂದ ಕೂಗಿದೆ, 'ಹೊಡೀಬ್ಯಾಡ್ರಿ! ಹಂಗ ಸತ್ರ ನಮ್ಮ ಜಾಹೆದಾ ಮುಟ್ಟಂಗಿಲ್ಲ. ಲೇ ಅರ್ಬಾಜ್, ಜೀವ ಇರೂದ್ರಾಗ ಬಿಸ್ಮಿಲ್ಲಾ ಅಂದು ನೀ ಕೊಯ್ಯೋ.' ಹಗ್ಗ ಕತ್ತರಿಸುವ ಚೂರಿಯಿಂದ ಅವನು ಕೊಯ್ದ, ಊರಿಗೆ ತಂದು ಎರಡೂ ಮನೆಗೆ ಪಾಲು ಹಾಕಿದಿರಿ. ಅಕ್ಕನ ಮಾತನ್ನು ಅವನು ಯಾವತ್ತು ಮೀರಿದ್ದಾನೆ? ನಿನ್ನನ್ನು ಅಕ್ಕ ಎಂದೇ ತಿಳಿದವನು.

ಅದೇ ಮಧ್ಯಾಹ್ನ ನೀನು ಸಾರು ಮಾಡಿಕೊಂಡು ಸ್ಟೀಲ್ ಡಬ್ಬಿಯಲ್ಲಿ ತಂದೆ. 'ನಿನ್ನ ಸಲುವಾಗಿನ ಹಲಾಲ್ ಮಾಡಿಸೀನಿ ನೋಡ್ಬೇ, ಇನ್ನರ ತಿನ್ನು' ಎಂದೆ. ಮುಖದಲ್ಲಿ ಎಷ್ಟು ಜಂಬ! ನಾನು ಜೋಳದ ರೊಟ್ಟಿ ಸುಡುತ್ತಿದ್ದೆ. ಒಲೆ ಮುಂದೆಯೇ ಕೂತು ಇಬ್ಬರೂ ತಿಂದೆವು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನನ್ನು ಬಿಟ್ಟು ಒಂದು ತುತ್ತು ನಿನಗೆ ಇಳಿಯುವುದಿಲ್ಲ ಎಂದು ಎಷ್ಟು ಸಂತೋಷಪಟ್ಟೆನೋ. ಇಂದು ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಹಿಂದಿನಿಂದ ಬಂದ ಬೈಕಿನವರು ವಿಡಿಯೋ ಮಾಡಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಲಾರಿ ಇಲ್ಲ, ಗಡಿಗೆಪ್ಪಣ್ಣ ಇಲ್ಲ, ನೀನಿಲ್ಲ. ಚೂರಿ ಹಿಡಿದು ಬಾಗಿದ ಅರ್ಬಾಜ್ ಒಬ್ಬನೇ ಇದ್ದಾನೆ. ಮಾರನೆಯ ದಿನ ಅರಣ್ಯದವರು ಬಂದಾಗ ನಮ್ಮ ಪಾಲಿನ ಮಾಂಸ ಉಪ್ಪು ಅರಿಶಿನ ಹಚ್ಚಿಸಿಕೊಂಡು ಮಾಳಿಗೆಯ ಹಗ್ಗದ ಮೇಲೆ ಖಂಡವಾಗಿ ಒಣಗುತ್ತಿತ್ತು. ನಿಮ್ಮ ಮನೆಯಲ್ಲಿ ಏನೂ ಸಿಗಲಿಲ್ಲ. ನಿಮ್ಮ ಪಾಲು ಎಲ್ಲಿ ಹೋಯಿತು ಎಂದು ನಾನು ಇವತ್ತಿನವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ನಮ್ಮದು ತಪ್ಪೇ ಅಲ್ಲ ಎನ್ನುತ್ತಿಲ್ಲ. ಸತ್ತ ಚಿಗರಿಯನ್ನೂ ಮುಟ್ಟಬಾರದು ಎಂಬುದು ನಮಗೆಲ್ಲರಿಗೂ ಗೊತ್ತಿತ್ತು. ಆದರೆ ಲಾರಿಗೆ ಸಿಕ್ಕು ಸಾಯುತ್ತಿದ್ದದ್ದನ್ನು ತಂದು ತಿಂದದ್ದು ಒಂದು, ಮೇಯುತ್ತಿದ್ದದ್ದನ್ನು ಬೇಟೆಯಾಡಿದ್ದು ಇನ್ನೊಂದು ಎನ್ನುತ್ತಾರೆ ವಕೀಲರು. ಮೊದಲನೆಯದಾದರೆ ಜಾಮೀನು ಕೇಳಲು ಬಾಯಿ ಇರುತ್ತದಂತೆ. ಎರಡನೆಯದಾದರೆ ವರ್ಷಗಟ್ಟಲೆ ಒಳಗೇ. ಆ ಲಾರಿಯನ್ನು ಕಂಡವರು ನೀವು ಮೂವರೇ. ಅರ್ಬಾಜನ ಮಾತನ್ನು ಯಾರೂ ನಂಬುವುದಿಲ್ಲ, ನಿನ್ನ ಗಂಡ ಬಾಯಿ ಬಿಡುವುದಿಲ್ಲ. ಉಳಿದವಳು ನೀನು. ನಿನಗೂ ಭಯವಿತ್ತು, ಗಾಡಿ ಜಪ್ತಿಯಾದರೆ ಹೊಟ್ಟೆಪಾಡಿಗೆ ಏನು ಗತಿ ಎಂಬ ಚಿಂತೆಯಿತ್ತು, ಒಪ್ಪುತ್ತೇನೆ. ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಸಲುವಾಗಿ ಹಿಡಿಸಿದ ಚೂರಿಯನ್ನೇ ಅವನ ಮೇಲೆ ಹೊರಿಸಿದೆಯಲ್ಲ, ಅದನ್ನು ಹೇಗೆ ನುಂಗಲಿ?

ಸೋಮವಾರ ಅಮ್ಮಿ ಅವನನ್ನು ನೋಡಲು ಹೋಗಿದ್ದಳು. ಅವನು ಮೊದಲು ಕೇಳಿದ್ದೇ ನಿನ್ನನ್ನು. 'ವಿಜ್ಜಿ ಅಕ್ಕ ಬಂದಿಲ್ಲೇನ್ ಅಮ್ಮಿ? ಆಕಿಗೆ ಹೇಳು, ಲಾರಿ ಬಡದದ್ದು ಆಕಿ ನೋಡ್ಯಾಳ, ಬಂದು ಹೇಳಿದ್ರ ನನ್ನ ಬಿಡ್ತಾರ' ಎಂದನಂತೆ. ನಿನ್ನ ಸಹಿಯ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ. ನಾನೂ ಹೇಳಿ ಕಳಿಸಿಲ್ಲ. ಯಾಕೆಂದರೆ ಅಲ್ಲಿ ಅವನಿಗಿರುವ ಧೈರ್ಯ ಅದೊಂದೇ.

ಬರುವ ಸೋಮವಾರ ದೇವದುರ್ಗದಲ್ಲಿ ಜಾಮೀನಿನ ವಿಚಾರಣೆಯಿದೆ. ಅರ್ಬಾಜ್ ಒಳ್ಳೆಯವನು, ನಾನು ಒಳ್ಳೆಯವಳು ಎಂದೆಲ್ಲ ನೀನು ಹೇಳಬೇಕಾಗಿಲ್ಲ. ಲಾರಿ ಬಡಿದದ್ದನ್ನು ಕಂಡೆ ಎಂದು ಬರೆದು ಸಹಿ ಮಾಡಿಕೊಡು. ಮಾನ್ವಿಯಿಂದ ಮುಂಜಾನೆಯ ಬಸ್ಸು ಹಿಡಿದರೆ ಸಾಕು.

ಒಂದು ಕಾಲಕ್ಕೆ ನಿನ್ನವಳಾಗಿದ್ದ,
ಜಾಹೆದಾ

ಮರೆತಿದ್ದೆ: ಅರಣ್ಯದವರು ನಮ್ಮ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಒಯ್ದರೆಂದು ನೀನು ಕೇಳಿರಬಹುದು. ಒಂದನ್ನು ಬಿಟ್ಟು. ನಿನ್ನ ಸ್ಟೀಲ್ ಡಬ್ಬಿಯನ್ನು ನಾನು ಹಿಟ್ಟಿನ ಡಬ್ಬದೊಳಗೆ ಹುಗಿದಿಟ್ಟೆ. ನಿನ್ನ ಮದುವೆಯ ಡಬ್ಬಿ, ಮುಚ್ಚಳದ ಮೇಲೆ ನಿಮ್ಮಿಬ್ಬರ ಹೆಸರು ಕೊರೆದಿದೆ. ತಳದಲ್ಲಿ ಮಸಾಲೆ ಒಣಗಿ ಹಿಡಿದಿದೆ, ಒಂದು ಎಲುಬೂ ಇದೆ. ಅದನ್ನು ವಕೀಲರಿಗೆ ಕೊಡು ಎಂದು ಅಮ್ಮಿ ದಿನಾ ಬೈಯುತ್ತಾಳೆ. ನನಗೆ ತೊಳೆಯಲೂ ಕೈ ಬಂದಿಲ್ಲ, ಕೊಡಲೂ ಕೈ ಬಂದಿಲ್ಲ. ಬರುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಅದಕ್ಕೇ ಅಷ್ಟು ಧೈರ್ಯವಾಗಿ ಸಹಿ ಹಾಕಿದೆ, ಅಲ್ಲವೇ? ನಮ್ಮಿಬ್ಬರ ಮನೆಗಳ ನಡುವೆ ಡಬ್ಬಿ ಯಾವತ್ತೂ ಖಾಲಿ ತಿರುಗಿಲ್ಲ, ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಟ್ಟಿದ್ದೇವೆ. ಸೋಮವಾರ ಚೀಲದಲ್ಲಿ ಹಾಕಿಕೊಂಡು ಕೋರ್ಟಿಗೆ ಬರುತ್ತೇನೆ. ನೀನು ಬಂದರೆ ಬಾಗಿಲಲ್ಲೇ ಹಿಂದಿರುಗಿಸುತ್ತೇನೆ, ಅಲ್ಲಿನ ನಲ್ಲಿಯಲ್ಲಿ ತೊಳೆದು, ಸಕ್ಕರೆ ತುಂಬಿ. ಬಾರದಿದ್ದರೆ ಅದು ಇದ್ದ ಹಾಗೆಯೇ ಒಳಗೆ ಹೋಗುತ್ತದೆ.