ಅರ್ಧ ಚಂದ್ರಲೋಕದಿಂದ

ಬಲ್ಮಠ, ಮಂಗಳೂರು
18 ಜೂನ್ 1932

ಕುಲಶೇಖರವೆಂಬ ಭೂಲೋಕದಲ್ಲಿರುವ ಜಯಕ್ಕನಿಗೆ, ಚಂದ್ರಲೋಕದ ರಾಜಕುಮಾರ ಮುದ್ದು ತನ್ನ ಬೋಳುತಲೆ ಬಾಗಿಸಿ ಮಾಡುವ ನಮಸ್ಕಾರಗಳು.

ನಗಬೇಡ ಅಕ್ಕ. ತಲೆ ನಿಜವಾಗಿಯೂ ಬೋಳು. ಮೀಸೆಯೂ ಇಲ್ಲ. ಅಪ್ಪನಿಗೆ ಜ್ವರ ಏರಿದೆ, ನಿನ್ನನ್ನೇ ಕೇಳ್ತಾರೆ, ಒಮ್ಮೆ ಬಂದು ಹೋಗು ಮಾರಾಯ ಅಂತ ನೀನು ಗಾಡಿಯ ಅಹ್ಮದ್ ಬಾವನ ಹತ್ತಿರ ಎಷ್ಟು ಹೇಳಿ ಕಳಿಸಿದರೂ ನಾನು ಬಾರದ್ದಕ್ಕೆ ಕಾರಣ ಇದೇ. ಬಾವನ ಬಾಯಿಗೆ ಆಣೆ ಹಾಕಿದ್ದೇನೆ. ತಂದೆ ಬದುಕಿರುವಾಗ ಮಗ ತಲೆ, ಮೀಸೆ ಬೋಳಿಸಿಕೊಂಡು ಅಂಗಳಕ್ಕೆ ಕಾಲಿಟ್ಟರೆ ಅಮ್ಮ ಅಲ್ಲೇ ಕುಸಿಯುತ್ತಾಳೆ. ತಿರುಪತಿ ಹರಕೆ ಎನ್ನೋಣವೆಂದರೆ, ಹೋದ ವರ್ಷ ಪೇಟೆಯ ಲಾಡನ್ನು ತಿರುಪತಿ ಪ್ರಸಾದವೆಂದು ಅವಳ ಕಣ್ಣಿಗೆ ಒತ್ತಿಸಿದವ ನಾನೇ. ಇನ್ನು ಈ ಬಾಯಿಂದ ತಿಮ್ಮಪ್ಪನ ಹೆಸರು ಬಂದರೆ ನಂಬುತ್ತಾಳಾ?

ಹಾಗಾದರೆ ಕೂದಲು ಬೆಳೆಯಲಿ ಎನ್ನುತ್ತೀ. ಅದಕ್ಕೂ ಅಪ್ಪಣೆ ಇಲ್ಲ. ನಮ್ಮ ಸಿನೆಮಾದಲ್ಲಿ ಚಂದ್ರನ ಮೇಲೆ ಬೋಳುತಲೆಯ ಅವಳಿ ರಾಜಕುಮಾರರಿದ್ದಾರೆ, ಇಬ್ಬರೂ ನಾನೇ. ಕ್ಯಾಮೆರಾದ ಮಧ್ವರಾಜಣ್ಣ ಅದರ ಕಣ್ಣಿನ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಎಡಗಡೆ ಕೂತ ನನ್ನನ್ನು ಮೊದಲು ಹಿಡಿದ. ಇನ್ನು ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ರಟ್ಟನ್ನು ಆಚೆ ಅರ್ಧಕ್ಕೆ ಸರಿಸಿ, ಬಲಗಡೆ ಕೂತ ನನ್ನನ್ನು ಹಿಡಿಯಬೇಕು. ಆಗ ಪರದೆಯ ಮೇಲೆ ನಾನು ನನ್ನೊಂದಿಗೇ ಜಗಳವಾಡುತ್ತೇನೆ. ಎಂತಹ ಭಾಗ್ಯ ನೋಡು! ಆದರೆ ನಡುವೆ ಕ್ಯಾಮೆರಾ ಅಲುಗಿದರೆ ಚಂದ್ರ ಸೀಳಿಹೋಗುತ್ತಾನೆ; ಅವಳಿಗಳಲ್ಲಿ ಒಬ್ಬನ ತಲೆಯಲ್ಲಿ ಹುಲ್ಲು ಮೊಳೆತರೆ ಮೋಸ ಬಯಲು.

ಎಡಗಡೆ ಮುಗಿಯಿತು, ಮಳೆ ಹಿಡಿಯಿತು. ಬೊಂಬಾಯಿಯ ಯಜಮಾನರು ಚಂದ್ರನ ಬಗ್ಗೆ ಎಲ್ಲ ಓದಿಕೊಂಡು ಬಂದಿದ್ದರು, ಮಂಗಳೂರಿನ ಜೂನ್ ಹೇಗಿರುತ್ತದೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಹಿತ್ತಿಲಲ್ಲಿ ಕಟ್ಟಿ ನಿಲ್ಲಿಸಿದ ಚಂದ್ರನಿಗೆ ತಾರ್ಪಾಲು ಹೊದಿಸಿ, ಕ್ಯಾಮೆರಾದ ಕಾಲುಗಳನ್ನು ಜಗಲಿಯ ಹಲಗೆಗೆ ಮೊಳೆ ಹೊಡೆದು, ಬಿಸಿಲಿಗೆ ಕಾಯುತ್ತಿದ್ದೇವೆ. ಕ್ಷೌರಿಕ ದಿನ ಬಿಟ್ಟು ದಿನ ಬಂದು ನನ್ನನ್ನು ಮತ್ತೆ ಚಂದ್ರಲೋಕಕ್ಕೆ ಸೇರಿಸುತ್ತಾನೆ. ಬಿಸಿಲು ಬಂದಾಗ ನೀನಿಲ್ಲದಿದ್ದರೆ ನನ್ನ ಕೆಲಸ ಹೋಯ್ತು ಮಾರಾಯ ಎಂದು ಮಧ್ವರಾಜಣ್ಣ ಬಾಗಿಲಿಗೇ ಚಾಪೆ ಹಾಕಿ ಮಲಗುತ್ತಾನೆ. ಮೊನ್ನೆ ಅವನ ಕಾಲನ್ನು ಕಂಬಕ್ಕೆ ಕಟ್ಟಿಹಾಕಿದೆ. ಎದ್ದವ ನಗಲಿಲ್ಲ. ನನಗೂ ನಗು ಬರಲಿಲ್ಲ.

ಆದ್ದರಿಂದ ಅಪ್ಪನಿಗೆ ಹೇಳು: ಮುದ್ದು ಮದ್ರಾಸಿಗೆ ಹೋಗಿದ್ದಾನೆ, ಬರುವಾಗ ಕಿತ್ತಳೆ ತರುತ್ತಾನೆ. ಜ್ವರ ಹೇಗೂ ಇಳಿಯುತ್ತದೆ. ಅವರು ಕಾಣದ ಜ್ವರವಾ?

ಇಂತಿ,
ಗ್ರಹಗತಿ ನೆಟ್ಟಗಿಲ್ಲದ ನಿನ್ನ ತಮ್ಮ,
ಮುದ್ದು

ವಿ.ಸೂ.: ಕಾಗದ ಮಡಚುವಾಗ ಬಿಸಿಲು ಬಿತ್ತು. ಮಧ್ವರಾಜಣ್ಣ ಕುಣಿದಾಡಿ ತಾರ್ಪಾಲು ಎಳೆದ. ನಾನು ಹೋಗಿ ಬಲಗಡೆ ಕೂತೆ. ಅಷ್ಟರಲ್ಲಿ ಅಹ್ಮದ್ ಬಾವ ಬಂದರು. ದೂರದಿಂದಲೇ ಏನಪ್ಪಾ ಚಂದ್ರಮಾಮಾ ಎಂದು ಕೂಗುವವರು, ಇವತ್ತು ಸುಮ್ಮನೆ ನಿಂತು ನನ್ನ ತಲೆ ನೋಡಿದರು. ಏನೆಂದು ಕೇಳದೆ ಎದ್ದು ಬಂದೆ. ಮಧ್ವರಾಜಣ್ಣ ನೆಲದಲ್ಲಿ ಕೂತುಬಿಟ್ಟ. ಬಾವ ಈ ಕಾಗದ ಹಿಡಿದು ಗಾಡಿಯಲ್ಲಿ ಮುಂದೆ ಬರುತ್ತಾರೆ; ನಾನು ಹಿಂದೆ ನಡೆದು ಬರುತ್ತೇನೆ. ನನ್ನ ತಲೆಯ ವಿಷಯ ಅಮ್ಮನಿಗೆ ಮೊದಲು ತಿಳಿಸಿ ಹೇಳು. ನಾನು ಮನೆಯ ಹತ್ತಿರದ ಕ್ರೈಸ್ತರ ಇಗರ್ಜಿಯ ಗೋಡೆ ಬದಿಯಲ್ಲಿ ನಿಂತಿರುತ್ತೇನೆ. ಅಪ್ಪ ನನ್ನನ್ನು ಕೇಳುತ್ತಿದ್ದರೆ ಅಂಗಳದಿಂದಲೇ ಕೂಗು. ಬೇರೆ ಸುದ್ದಿಯಾದರೆ ಕೂಗಬೇಡ ಅಕ್ಕ, ನೀನೇ ಬಾ.