ಚಿಪ್ಪಿನ ಬಳೆಯ ಅಜ್ಜಿ

ಹ್ಯೆರಾನ್ ಅಕ್ಕಾ,

ಬೇರೆ ಹೇಗೆ ಕರೆಯುವುದೋ ತಿಳಿಯದೆ ಹೀಗೇ ಕರೆದಿದ್ದೇನೆ.

ನಮ್ಮ ದ್ವೀಪದಲ್ಲಿ ಆದಿಕಾಲದ ಜನರ ಗುರುತು ಹುಡುಕುತ್ತ ನೀನು ವಿಶ್ವವಿದ್ಯಾಲಯದಿಂದ ಬಂದಾಗ, ಬೆಳ್ಳುಳ್ಳಿ ಹೊಲ ಅಗೆಯಲು ಅತ್ತೆ ಒಪ್ಪಿರಲಿಲ್ಲ. ನೀನು ನಮ್ಮ ಮನೆಯಲ್ಲೇ ಉಳಿದೆ. ಕಡಲಪಾಚಿಯ ಸಾರು ಉಂಡೆ, ಅತ್ತೆಯ ಪಕ್ಕ ಕುಳಿತು ಕಪ್ಪೆಚಿಪ್ಪು ಬಿಡಿಸಿದೆ. "ಓದಿದವಳ ಕೈ ನೋಡೇ, ಮಾಂಸಕ್ಕಿಂತ ಚಿಪ್ಪೇ ಜಾಸ್ತಿ ಪಾತ್ರೆಗೆ ಬೀಳ್ತಿದೆ" ಎಂದು ಅವರು ಅಣಕಿಸಿದರು. "ನಂಗೆ ಬೇಕಾಗಿರೋದು ಚಿಪ್ಪೇ ಅಮ್ಮಾ" ಎಂದೆ ನೀನು. ಅತ್ತೆ ನಕ್ಕು ಹೊಲ ಬಿಟ್ಟುಕೊಟ್ಟರು.

ಹೊಲದಡಿ ಆದಿಕಾಲದವರು ತಿಂದೆಸೆದ ಚಿಪ್ಪಿನ ರಾಶಿಯ ಕೆಳಗೆ ಆ ಹೆಂಗಸಿನ ಮೂಳೆಗಳು ಸಿಕ್ಕವು. ಮಡಚಿದ ಮೊಣಕಾಲು, ಮುಂಗೈಯಲ್ಲಿ ಚಿಪ್ಪಿನ ಬಳೆ. ಆರು ಸಾವಿರ ವರ್ಷದ ಹಿಂದಿನವಳು ಎಂದೆ ನೀನು. ಅತ್ತೆ ಮಣ್ಣಿನಲ್ಲೇ ಮಂಡಿಯೂರಿದರು.

"ಇವಳು ನಮ್ಮೂರ ಅಜ್ಜಿ. ಕರ್ಕೊಂಡು ಹೋಗ್ತೀಯಲ್ಲ, ವಾಪಸ್ ತರ್ತೀಯಾ?"

"ಪರೀಕ್ಷೆ ಮುಗಿದ ಮೇಲೆ ನಾನೇ ತಂದು ಇಲ್ಲೇ ಮಲಗಿಸ್ತೀನಿ ಅಮ್ಮಾ." ನೀನು ಅವರ ಕೈ ಹಿಡಿದುಕೊಂಡೇ ಹೇಳಿದೆ.

ವರ್ಷಗಳು ಕಳೆದವು. ಫೋನು ಮಾಡಿದಾಗಲೆಲ್ಲ ನೀನು ಸಭೆಯಲ್ಲಿರುತ್ತಿದ್ದೆ. ಅಜ್ಜಿಯನ್ನು ನಗರದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆಂದು ನಮಗೆ ತಿಳಿದದ್ದು ಟಿವಿಯಿಂದ. ಅತ್ತೆ ಹಬ್ಬದ ಬಟ್ಟೆ ಉಟ್ಟು ನನ್ನನ್ನೂ ಜೊತೆಗೆ ಹೊರಡಿಸಿದರು. ಗಾಜಿನ ಪೆಟ್ಟಿಗೆಯ ಮುಂದೆ ಅವರು ನೆಲಕ್ಕೆ ಹಣೆ ಹಚ್ಚಿದಾಗ ಯಾರೋ ನಕ್ಕರು. ನೀನು ಅತಿಥಿಗಳೊಂದಿಗೆ ಅಲ್ಲೇ ನಿಂತಿದ್ದೆ. ಯಾರಿವರು ಎಂದು ಒಬ್ಬರು ಕೇಳಿದ್ದಕ್ಕೆ, "ಅಗೆಯೋ ಕೆಲಸಕ್ಕೆ ಬರ್ತಿದ್ದ ಊರಿನವರು" ಎಂದೆ ನೀನು. ನಿನಗೆಂದು ತಂದಿದ್ದ ಒಣಮೀನಿನ ಪೊಟ್ಟಣವನ್ನು ಅತ್ತೆ ಮೆಲ್ಲಗೆ ಚೀಲದೊಳಕ್ಕೆ ತಳ್ಳಿದರು.

ಮಾತು ಕೊಟ್ಟಿದ್ದೆಯಲ್ಲ ಎಂದು ನಾನು ಮೂಲೆಗೆ ಕರೆದು ಕೇಳಿದೆ.

"ಅದು ನನ್ನ ಕೈಲಿಲ್ಲ ಕಣೇ. ಆಗಲೂ ಇರಲಿಲ್ಲ."

ಕೊಡದೇ ಹೋದದ್ದನ್ನು ಸಹಿಸಬಹುದಿತ್ತು, ಅಕ್ಕಾ. ಆದರೆ ಅತ್ತೆಯ ಕೈ ಹಿಡಿದಾಗಲೇ ನಿನಗೆ ಎಲ್ಲ ಗೊತ್ತಿತ್ತು.

ಈ ವಸಂತದ ಮಳೆಗೆ ಹೊಲದ ಅಂಚು ಕುಸಿದು ಇನ್ನೊಂದು ಜೀವ ಹೊರಬಂತು. ಹಸುಗೂಸಿನ ಮೂಳೆಗಳು, ನನ್ನ ಮುಷ್ಟಿಗಿಂತ ತುಸು ದೊಡ್ಡ ತಲೆ. ನಿನ್ನ ವಿದ್ಯೆಗೆ ಇದೆಷ್ಟು ದೊಡ್ಡದೆಂದು ನನಗೆ ಗೊತ್ತು, ಕಲಿಸಿದವಳು ನೀನೇ. ಅಭ್ಯಾಸಬಲದಿಂದ ಫೋನು ಕೈಗೆತ್ತಿಕೊಂಡೆ.

"ತಾಯಿನ ಕಳಿಸಿದ್ದಾಯ್ತು. ಇನ್ನು ಮಗುನೂ ಕಳಿಸ್ತೀಯಾ?" ಎಂದರು ಅತ್ತೆ.

ಸೆಣಬಿನ ಬಟ್ಟೆಯಲ್ಲಿ ಸುತ್ತಿ, ಅಕ್ಕಿಯ ಹೆಂಡ ಎರೆದು, ಬೇರೆಡೆ ಹೂತೆವು. ಬಂದರೆ ಅತ್ತೆ ನಿನಗೆ ಊಟ ಹಾಕುತ್ತಾರೆ, ಅವರ ಸ್ವಭಾವವೇ ಹಾಗೆ. ಜಾಗ ಮಾತ್ರ ಕೇಳಬೇಡ.

ಮೈ ನೋಡಿಕೋ. ನಿನ್ನ ಕಾಲ ಬಂದಾಗ ನಿನ್ನವರ ನಡುವೆಯೇ ಮಲಗುವ ಭಾಗ್ಯ ನಿನಗೆ ಸಿಗಲಿ, ಯಾರೂ ಎಬ್ಬಿಸದಿರಲಿ.

ಬೆಳ್ಳುಳ್ಳಿ ಹೊಲದ ಮನೆಯ ಸೊಸೆ,
ಮಿರ್ಯೊಂಗ್